ಅಜ್ಜಿಯ ಕಾಲು, ನಾನು ಎಸೆದ ಗುಳಿಗೆ

ರಾತ್ರಿ ಒಂಬತ್ತೂವರೆ. ಊರಲ್ಲಿ ಅಣ್ಣನ ಮದುವೆ ಮುಗಿದು ಎರಡು ದಿನ ಆಗಿತ್ತು. ನಾನು ಮಾಳಿಗೆ ಮೇಲೆ ಮಲಗಿ ಮೊಬೈಲ್ ನೋಡ್ತಾ ಇದ್ದೆ. ಕೆಳಗೆ ಆರೋಗ್ಯ ಇಲಾಖೆಯವರ ದನಿ ಕೇಳಿತು. "ರಕ್ತ ತಗೋತೀವ್ರಿ, ಮನ್ಯಾಗ ಎಷ್ಟ್ ಮಂದಿ ಅದೀರಿ?"

ಇಷ್ಟು ಹೊತ್ತಿನಲ್ಲಿ ಯಾರಾದರೂ ರಕ್ತ ತೆಗೆಯೋಕೆ ಬರ್ತಾರಾ ಅಂತ ಗೊಣಗುತ್ತಲೇ ಇಳಿದು ಬಂದೆ. ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿ ಮೇಲೆ ನಾಲ್ಕು ಹನಿ ರಕ್ತ ಸವರಿಕೊಂಡು ಹೋದರು. ಮರುದಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದೆ, ಮರೆತೂಬಿಟ್ಟೆ.

ಕೆಲವು ದಿನ ಬಿಟ್ಟು ಅವ್ವನ ಫೋನು. "ತಮ್ಮಾ, ನಿನ್ ರಕ್ತದಾಗ ಹುಳ ಸಿಕ್ಕಾವಂತ."

ನನಗೆ ಜ್ವರ ಇರಲಿಲ್ಲ, ಬಾವು ಇರಲಿಲ್ಲ, ನೋವೂ ಇರಲಿಲ್ಲ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವ ದೇಹ. ಆದರೂ ಆ ಮಾತು ಕೇಳಿದ ತಕ್ಷಣ ಕಣ್ಣ ಮುಂದೆ ಬಂದದ್ದು ಅಜ್ಜಿಯ ಬಲಗಾಲು.

ಸೀರೆ ಅಂಚಿನ ಕೆಳಗೆ

ನಮ್ಮೂರು ಯಾದಗಿರಿ ಜಿಲ್ಲೆಯ ಕೊಂಕಲ್. ನನಗೆ ಬುದ್ಧಿ ಬಂದಾಗಿನಿಂದ ಅಜ್ಜಿಯ ಬಲಗಾಲು ಮೊಣಕಾಲಿನ ಕೆಳಗೆ ಕಂಬದಂತೆ ಊದಿಕೊಂಡೇ ಇತ್ತು. ಯಾವ ಚಪ್ಪಲಿಯೂ ಹಿಡಿಸುತ್ತಿರಲಿಲ್ಲ. ಸೀರೆಯನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು ಉಡುತ್ತಿದ್ದಳು. ಆಗಾಗ ಚಳಿಜ್ವರ ಬರುತ್ತಿತ್ತು, ಕಾಲು ಕೆಂಡದಂತೆ ಸುಡುತ್ತಿತ್ತು. ಮೂರ್ನಾಲ್ಕು ದಿನ ಮೂಲೆ ಹಿಡಿದು ಮಲಗುತ್ತಿದ್ದಳು. ಮದುವೆ ಮನೆಗಳಿಗೆ ಹೋಗುವುದನ್ನು ಎಂದೋ ಬಿಟ್ಟಿದ್ದಳು. "ಹೊಲದಾಗ ಏನೋ ತುಳದಾಳ" ಎಂದು ಓಣಿಯವರು ಅನ್ನುತ್ತಿದ್ದರು. ನಾವೂ ಹಾಗೇ ನಂಬಿದ್ದೆವು.

ಆಕೆ ಏನನ್ನೂ ತುಳಿದಿರಲಿಲ್ಲ. ಆಕೆಗೆ ಸೊಳ್ಳೆ ಕಚ್ಚಿತ್ತು, ಅಷ್ಟೇ. ಒಂದು ಸಲವಲ್ಲ, ವರ್ಷಗಟ್ಟಲೆ.

ಆನೆಕಾಲು ರೋಗಕ್ಕೆ ನಮ್ಮ ಕಡೆ ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳ. ಗಟಾರದ ಕೊಳಕು ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತದೆ. ದೊಡ್ಡ ಹುಳಗಳು ನಮ್ಮ ದುಗ್ಧನಾಳಗಳಲ್ಲಿ ಸಂಸಾರ ಹೂಡಿ ವರ್ಷಗಳ ಕಾಲ ಬದುಕುತ್ತವೆ. ದಿನವೂ ಸಾವಿರಾರು ಸೂಕ್ಷ್ಮ ಮರಿಗಳನ್ನು ರಕ್ತಕ್ಕೆ ಬಿಡುತ್ತವೆ. ಆ ಮರಿಗಳ ಹೆಸರೇ ಮೈಕ್ರೋಫೈಲೇರಿಯಾ.

ಮರಿಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿ ಕೂರುತ್ತವೆ. ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಸರಿಯಾಗಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ನಮ್ಮ ಮನೆಗೆ ರಾತ್ರಿ ಒಂಬತ್ತೂವರೆಗೆ ಬಂದವರು ಸುಮ್ಮನೆ ಬಂದಿರಲಿಲ್ಲ!

ಸೋಂಕು ತಗುಲಿದ ಬಹುಪಾಲು ಜನರಿಗೆ ಹೊರಗೆ ಏನೂ ಕಾಣುವುದಿಲ್ಲ, ನನ್ನ ಹಾಗೆ. ಒಳಗೆ ದುಗ್ಧನಾಳ ಹಾಳಾಗುತ್ತಾ ಹೋಗಿ, ಎಷ್ಟೋ ವರ್ಷಗಳ ನಂತರ ಕಾಲು ಊದಬಹುದು. ಗಂಡಸರಲ್ಲಿ ವೃಷಣದ ಚೀಲದಲ್ಲಿ ನೀರು ತುಂಬಬಹುದು. ಅದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಿತ್ತಿಲಿಗೆ ಹೋದ ಗುಳಿಗೆ

ಈಗ ನನ್ನ ತಪ್ಪಿನ ಕಥೆ. ಕಾಲೇಜಿನಲ್ಲಿದ್ದಾಗ ರಜೆಗೆ ಬಂದಿದ್ದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಡಿಇಸಿ ಮತ್ತು ಆಲ್ಬೆಂಡಜೋಲ್ ಗುಳಿಗೆ ಕೊಟ್ಟರು. "ನನ್ನ ಮುಂದೆ ನುಂಗ್ರಿ" ಅಂದರು. "ಊಟ ಮಾಡಿ ತಗೋತೀನಿ" ಅಂದೆ. ಅವರು ಅತ್ತ ಹೋದರು, ಗುಳಿಗೆ ಇತ್ತ ಹಿತ್ತಿಲಿಗೆ ಹೋಯಿತು.

ರೋಗವೇ ಇಲ್ಲದವನಿಗೆ ಔಷಧ ಯಾಕೆ ಎಂಬುದು ನನ್ನ ವಾದ. ಗೆಳೆಯನೊಬ್ಬ ಗುಳಿಗೆ ನುಂಗಿ ತಲೆ ತಿರುಗಿ ಮಲಗಿದ್ದ ಎಂಬುದು ಇನ್ನೊಂದು ನೆಪ.

ಎರಡಕ್ಕೂ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ. ರಕ್ತದಲ್ಲಿ ಮರಿ ಹುಳಗಳಿದ್ದರೆ ಔಷಧ ಬಿದ್ದ ಕೂಡಲೇ ಅವು ಸಾಯುತ್ತವೆ. ಹಾಗೆ ಸತ್ತ ಹುಳಗಳಿಗೆ ದೇಹ ತೋರುವ ಪ್ರತಿಕ್ರಿಯೆಯೇ ಆ ಸಣ್ಣ ಜ್ವರ, ತಲೆನೋವು, ತಲೆಸುತ್ತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಂದರೆ ತಲೆ ತಿರುಗಿದ ಗೆಳೆಯನಿಗೆ ಆ ಗುಳಿಗೆ ಬೇಕೇ ಆಗಿತ್ತೋ ಏನೋ.

ಇನ್ನು ರೋಗ ಇಲ್ಲದವನಿಗೆ ಯಾಕೆ ಎಂಬ ಪ್ರಶ್ನೆ. ಇಲ್ಲ ಎಂದು ನನಗೆ ಹೇಳಿದವರು ಯಾರು? ಅಂದು ಎಸೆದ ಗುಳಿಗೆಯಿಂದಲೇ ಹೀಗಾಯಿತು ಎಂದು ಹೇಳಲಾರೆ. ಆದರೆ ನನ್ನನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಯ ಮಗುವನ್ನೂ ಕಚ್ಚಿರಬಹುದು. ಈ ಯೋಚನೆ ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಜಿಲ್ಲೆಯಿಂದ ಲೋಕಕ್ಕೆ

ಫೋನಿನಲ್ಲಿ ಹುಡುಕುತ್ತಾ ಹೋದಾಗ ನನಗೇ ಗೊತ್ತಿಲ್ಲದ ಒಂದು ಸಂಗತಿ ಸಿಕ್ಕಿತು. ಎರಡು ಔಷಧದ ಪದ್ಧತಿಯಲ್ಲಿ ಕನಿಷ್ಠ ಐದು ವರ್ಷ, ವರ್ಷಕ್ಕೊಮ್ಮೆ ಎಲ್ಲರೂ ಗುಳಿಗೆ ನುಂಗಬೇಕು. ಇದನ್ನು ಬೇಗ ಮುಗಿಸಲು ಐವರ್ಮೆಕ್ಟಿನ್ ಎಂಬ ಮೂರನೇ ಔಷಧ ಸೇರಿಸಿದರೆ ಹೇಗೆ? ಪಪುವಾ ನ್ಯೂಗಿನಿಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೂರು ಔಷಧವನ್ನು ಒಂದೇ ಸಲ ನುಂಗಿದವರಲ್ಲಿ ವರ್ಷದ ನಂತರವೂ ಶೇ 96ರಷ್ಟು ಜನರ ರಕ್ತ ಮರಿಗಳಿಲ್ಲದೆ ಶುದ್ಧವಾಗಿತ್ತು. ಎರಡೇ ಔಷಧ ಪಡೆದವರಲ್ಲಿ ಇದು ಸುಮಾರು ಮೂರನೇ ಒಂದು ಭಾಗ ಮಾತ್ರ.

ಆದರೆ ಲಕ್ಷಾಂತರ ಜನರಿಗೆ ಕೊಡುವ ಮೊದಲು ಅದು ಸುರಕ್ಷಿತವೇ ಎಂದು ತಿಳಿಯಬೇಕಲ್ಲ. ಫಿಜಿ, ಹೈಟಿ, ಇಂಡೊನೇಷ್ಯಾ, ಪಪುವಾ ನ್ಯೂಗಿನಿ ಮತ್ತು ಭಾರತ, ಈ ಐದು ದೇಶಗಳಲ್ಲಿ 26,836 ಜನರ ಮೇಲೆ ದೊಡ್ಡ ಸುರಕ್ಷತಾ ಅಧ್ಯಯನ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಎಲ್ಲಿ ಗೊತ್ತಾ? ನಮ್ಮ ಯಾದಗಿರಿ ಜಿಲ್ಲೆಯಲ್ಲಿ! ನಡೆಸಿದವರು ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು. ಮೂರು ಔಷಧದ ಪದ್ಧತಿ ಎರಡರಷ್ಟೇ ಸುರಕ್ಷಿತ ಎಂಬುದು ಒಟ್ಟು ಫಲಿತಾಂಶ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಔಷಧದ ಪದ್ಧತಿಯನ್ನು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ ಇದನ್ನು ಮೊದಲು ಜಾರಿಗೆ ತರಲು ಆರಿಸಿದ ಐದು ಜಿಲ್ಲೆಗಳೆಂದರೆ ಬಿಹಾರದ ಅರವಲ್, ಜಾರ್ಖಂಡ್‌ನ ಸಿಮ್ಡೆಗಾ, ಮಹಾರಾಷ್ಟ್ರದ ನಾಗಪುರ, ಉತ್ತರ ಪ್ರದೇಶದ ವಾರಾಣಸಿ ಮತ್ತು ನಮ್ಮ ಯಾದಗಿರಿ. ಹಿಂದುಳಿದ ಜಿಲ್ಲೆ ಎಂದೇ ಸುದ್ದಿಯಾಗುವ ನಮ್ಮ ಜನ ಕೈ ಚಾಚಿ ರಕ್ತ ಕೊಟ್ಟರು, ಗುಳಿಗೆ ನುಂಗಿದರು. ಅವರು ಕೊಟ್ಟ ಉತ್ತರ ಲೋಕಕ್ಕೆಲ್ಲ ಉಪಯೋಗಕ್ಕೆ ಬಂತು. ಅದೇ ಜಿಲ್ಲೆಯವನಾದ ನಾನು ಹಿತ್ತಿಲಿಗೆ ಎಸೆದಿದ್ದೆ.

"ನಾರು ಹೋತಲ್ಲ, ಇದೂ ಹೋಗ್ತದ"

ನಾಚಿಕೆಯಿಂದ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಆಕೆ ಬೈಯಲಿಲ್ಲ. ನಾರುಹುಣ್ಣಿನ ಮಾತು ತೆಗೆದಳು.

"ನಾ ಸಣ್ಣಾಕಿ ಇದ್ದಾಗ ಕಾಲಾಗಿಂದ ನಾರು ಹೊರಗ ಬರ್ತಿತ್ತು. ಕಡ್ಡಿಗಿ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೀತಿದ್ರು. ಹರದ್ರ ಕಾಲೇ ಹೋತು. ಈಗೆಲ್ಲೈತಿ ಅದು?"

ಹೌದು, ಈಗ ನಮ್ಮ ದೇಶದಲ್ಲಿ ಎಲ್ಲೂ ಇಲ್ಲ. ಮೆಟ್ಟಿಲು ಬಾವಿಗಿಳಿದು ನೀರು ತರುತ್ತಿದ್ದ ಕಾಲದಲ್ಲಿ ಕುಡಿಯುವ ನೀರಿನ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯ ಮೂಲಕ ಆ ಹುಳ ಹೊಟ್ಟೆ ಸೇರುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಕೊಲ್ಲುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಕೈಪಂಪು ಹಾಕಿಸಿ, ಬಾವಿಗಳನ್ನು ಸುಧಾರಿಸಿ ಓಡಿಸಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು.

ಆನೆಕಾಲಿಗಂತೂ ಔಷಧ ಇದೆ, ಅದೂ ಪುಕ್ಕಟೆ. ಶ್ರೀಲಂಕಾ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ ಇದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿಯದಂತೆ ಮಾಡಿ ತೋರಿಸಿವೆ. ಭಾರತ 2027ರ ಗುರಿ ಇಟ್ಟುಕೊಂಡಿದೆ.

ನೀವು ಮಾಡಬಹುದಾದದ್ದು

ನನಗೆ ಹನ್ನೆರಡು ದಿನ ಡಿಇಸಿ ಕೊಟ್ಟರು. ಎರಡನೇ ದಿನ ಸ್ವಲ್ಪ ಜ್ವರ ಬಂತು, ಆಮೇಲೆ ಏನೂ ಇಲ್ಲ. ಮುಂದಿನ ರಾತ್ರಿ ಪರೀಕ್ಷೆಯಲ್ಲಿ ಹುಳ ಕಾಣಲಿಲ್ಲ.

ಅಜ್ಜಿಯ ಕಾಲು ಹಳೆಯ ರೂಪಕ್ಕೆ ಬರುವುದಿಲ್ಲ. ಆದರೆ ಈಗ ದಿನವೂ ಸೋಪು ಹಚ್ಚಿ ತೊಳೆದು, ಬೆರಳ ಸಂದಿಯ ತೇವ ಒರೆಸಿ, ಕಾಲನ್ನು ಎತ್ತರಕ್ಕೆ ಇಟ್ಟು ಮಲಗುತ್ತಾಳೆ. ಆ ಚಳಿಜ್ವರಕ್ಕೆ ಕಾರಣ ಚರ್ಮದ ಬಿರುಕಿನಿಂದ ಒಳಹೋಗುವ ಬ್ಯಾಕ್ಟೀರಿಯಾ. ಕಾಲು ಚೊಕ್ಕವಾಗಿದ್ದರೆ ಜ್ವರ ಕಡಿಮೆಯಾಗುತ್ತದೆ. ಈ ವರ್ಷ ಒಮ್ಮೆ ಮಾತ್ರ ಬಂದಿದೆ. ಗಂಡಸರ ನೀರುಬಾವಿಗೆ ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಮುಚ್ಚಿಡಬೇಡಿ.

ನಿಮ್ಮ ಊರು ಯಾದಗಿರಿ, ಕಲಬುರಗಿ, ರಾಯಚೂರು, ಬೀದರ್ ಕಡೆಯೋ ಕರಾವಳಿಯೋ ಆಗಿದ್ದರೆ ಮನೆಯವರನ್ನು ಕೇಳಿ: ಗುಳಿಗೆ ಕೊಟ್ಟಾಗ ನುಂಗಿದಿರಾ? ದುಡಿಯಲು ಬೆಂಗಳೂರು, ಮುಂಬೈಗೆ ಬಂದವರ ಪಾಲಿನ ಗುಳಿಗೆ ಊರಲ್ಲೇ ಉಳಿಯುತ್ತದೆ. ಹೋದಾಗ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬರಿ ಹೊಟ್ಟೆಯಲ್ಲಿ ಬೇಡ. ಗರ್ಭಿಣಿಯರು, ತೀವ್ರ ಕಾಯಿಲೆಯವರು ಮತ್ತು ಪುಟ್ಟ ಮಕ್ಕಳಿಗೆ ಇಲ್ಲ. ಯಾರಿಗೆ ಎಷ್ಟು ಎಂಬುದನ್ನು ಅವರೇ ಹೇಳುತ್ತಾರೆ.

ಈ ಸಲ ಗುಳಿಗೆ ಕೊಡುವಾಗ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಎತ್ತರ ಅಳೆದು, ಎಣಿಸಿ ಅಂಗೈಗೆ ಹಾಕಿದರು. ಎಲ್ಲವನ್ನೂ ನುಂಗಿ ನೀರು ಕುಡಿದೆ. ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಹತ್ತಿರ ಕರೆದಳು.

"ಬಾಯಿ ತೆಗಿ, ನೋಡ್ತೀನಿ. ನಿನ್ನ ನಂಬಂಗಿಲ್ಲ."

ಆ... ಅಂದೆ.