ಕೊಟ್ಟರೂ ಕಡಿಮೆಯಾಗದ ಪುಸ್ತಕ

ಶಿಕಾರಿಪುರದಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಬಿ.ಕಾಂ.ಗೆ ಸೇರಿದಳು. ಸೊರಬದ ಕಡೆಯ ಹಳ್ಳಿಯಲ್ಲಿ ಅಜ್ಜಿಮನೆಯಲ್ಲಿದ್ದುಕೊಂಡು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಯನ್ನೂ ಕನ್ನಡದಲ್ಲೇ ಬರೆದು ದಾಟಿದ್ದಳು. ಕಾಲೇಜು ಶುರುವಾಗಿ ಮೂರು ತಿಂಗಳಾಗಿರಬೇಕು, ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತಳು.

“ಅಜ್ಜ, ನಾನು ಕಾಲೇಜು ಬಿಡ್ತೀನಿ. ಪುಸ್ತಕ ಎಲ್ಲಾ ತಗೊಳ್ಳೋಕೆ ಅಮ್ಮನ ಹತ್ರ ದುಡ್ಡಿಲ್ಲ. ತಗೊಂಡ್ರೂ ಇಂಗ್ಲಿಷ್ ಅರ್ಥ ಆಗಲ್ಲ” ಎಂದಳು.

ಅವಳಮ್ಮ ಬಟ್ಟೆ ಹೊಲಿದು ಮನೆ ನಡೆಸುವವರು. ನಾನು ಕೂಡಲೇ ಏನೂ ಹೇಳಲಿಲ್ಲ. ಯಾಕೆಂದರೆ ಪುಸ್ತಕದ ವಿಷಯ ಬಂದಾಗಲೆಲ್ಲ ನನಗೆ ಐವತ್ತು ವರ್ಷಗಳ ಹಿಂದಿನ ಒಂದು ತಪ್ಪು ನೆನಪಾಗುತ್ತದೆ.

ನಾನು ಬಿ.ಕಾಂ. ಓದುವಾಗ ಅಕೌಂಟೆನ್ಸಿ ಪುಸ್ತಕ ಕಾಲೇಜಿನ ಲೈಬ್ರರಿಯಲ್ಲಿ ಎರಡೇ ಪ್ರತಿ ಇತ್ತು. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ನನಗೊಂದು ಸ್ವಂತ ಪ್ರತಿ ಕೊಡಿಸಿದ್ದರು. ಪರೀಕ್ಷೆಗೆ ಹತ್ತು ದಿನವಿರುವಾಗ ಸೊರಬದ ಕಡೆಯ ಗೆಳೆಯನೊಬ್ಬ ಬಂದು, “ಎರಡು ದಿನ ಕೊಡೋ, ಓದಿ ವಾಪಸ್ ಕೊಡ್ತೀನಿ” ಎಂದು ಕೇಳಿದ. “ಊರಲ್ಲಿ ಬಿಟ್ಟು ಬಂದಿದ್ದೀನಿ” ಎಂದೆ. ಪುಸ್ತಕ ನನ್ನ ಟ್ರಂಕಿನೊಳಗೇ ಇತ್ತು. ಆ ಪೇಪರಿನಲ್ಲಿ ಅವನು ಫೇಲಾದ. ಮತ್ತೆ ಕಾಲೇಜಿನ ಕಡೆ ಬರಲಿಲ್ಲ, ಊರಿನ ಗದ್ದೆಗೇ ಹೋದ. ನಾನು ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾದೆ.

ಅಚ್ಚಾದ ಪುಸ್ತಕದ ಕಷ್ಟ ಇದೇ. ಬ್ಯಾಂಕಿನ ನೋಟಿನ ಕಟ್ಟಿನ ಹಾಗೆ, ಒಬ್ಬರ ಕೈಗೆ ಹೋದರೆ ಇನ್ನೊಬ್ಬರ ಕೈ ಖಾಲಿ. ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ ನಿಜ, ಆದರೆ ಪುಸ್ತಕ ಹೆಚ್ಚುತ್ತಿರಲಿಲ್ಲ. ಈಗ ಹೆಚ್ಚುವ ಪುಸ್ತಕಗಳೂ ಬಂದಿವೆ. ಅವುಗಳಿಗೆ ‘ಮುಕ್ತ ಪಠ್ಯಪುಸ್ತಕ’ ಎನ್ನುತ್ತಾರೆ. ಆ ಹುಡುಗಿಯ ನೆಪದಲ್ಲಿ ನಾನೂ ಇವುಗಳ ಬಗ್ಗೆ ಕಲಿತೆ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಉಚಿತ ಬೇರೆ, ಮುಕ್ತ ಬೇರೆ. ಎನ್‌ಸಿಇಆರ್‌ಟಿಯ ಪುಸ್ತಕಗಳನ್ನು ಅದರ ಜಾಲತಾಣದಿಂದ ಕಾಸಿಲ್ಲದೆ ಇಳಿಸಿಕೊಂಡು ಓದಬಹುದು. ಆದರೆ ಅದರ ಹಕ್ಕು ಅವರದೇ, ಅದನ್ನು ಬದಲಿಸಿ ನಾವು ಹಂಚುವಂತಿಲ್ಲ. ಅದು ಉಚಿತ. ಮುಕ್ತ ಪುಸ್ತಕದಲ್ಲಿ ಬರೆದವರೇ ಮೊದಲೇ ಅನುಮತಿ ಬರೆದಿಟ್ಟಿರುತ್ತಾರೆ: ಓದಿ, ನಕಲು ಮಾಡಿ, ಹಂಚಿ, ಬೇಕಾದರೆ ನಿಮ್ಮ ಭಾಷೆಗೆ ತಂದುಕೊಳ್ಳಿ, ನಮ್ಮ ಹೆಸರು ಮಾತ್ರ ಹೇಳಿ ಎಂದು. ಇಂಥ ಅನುಮತಿ ಪತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಕ್ರಿಯೇಟಿವ್ ಕಾಮನ್ಸ್’. ಅಮೆರಿಕದಲ್ಲಿ 2001ರಲ್ಲಿ ಹುಟ್ಟಿದ ಇದೇ ಹೆಸರಿನ ಸಂಸ್ಥೆ 2002ರ ಕೊನೆಯಲ್ಲಿ ಮೊದಲ ಪರವಾನಗಿಗಳನ್ನು ಹೊರತಂದಿತು. ಕೆಲವು ಪರವಾನಗಿಗಳಲ್ಲಿ ‘ಮಾರಬಾರದು’ ಎಂಬ ಷರತ್ತೂ ಇರುತ್ತದೆ.

ಪುಸ್ತಕದ ಬೆಲೆಯ ಚಿಂತೆ ನಮ್ಮ ಊರಿನದು ಮಾತ್ರವಲ್ಲ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ಎರಡು ವರ್ಷದ ಕಾಲೇಜುಗಳಿವೆ. ಹಗಲು ದುಡಿದು ಸಂಜೆ ಓದುವವರು, ಬೇರೆ ದೇಶದಿಂದ ಬಂದು ಹೊಸದಾಗಿ ಇಂಗ್ಲಿಷ್ ಕಲಿಯುವವರು ಅಲ್ಲಿ ಬಹಳ. ಅವರಿಗೂ ದಪ್ಪ ಪುಸ್ತಕಗಳ ಬೆಲೆ ಎಟುಕುವುದಿಲ್ಲ. ಟೆಕ್ಸಾಸ್‌ನ ರೈಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ರಿಚರ್ಡ್ ಬರಾನಿಯುಕ್ 1999ರಲ್ಲೇ ಪಾಠಗಳನ್ನು ಮುಕ್ತವಾಗಿ ಹಂಚುವ ಕೆಲಸ ಶುರು ಮಾಡಿದ್ದರು. ಅದೇ ಬೆಳೆದು 2012ರಲ್ಲಿ ‘ಓಪನ್‌ಸ್ಟ್ಯಾಕ್ಸ್’ ಹೆಸರಿನಲ್ಲಿ ಕಾಲೇಜು ಪಠ್ಯಪುಸ್ತಕಗಳನ್ನು ಹೊರತರತೊಡಗಿತು. ಭೌತಶಾಸ್ತ್ರ, ಸಮಾಜಶಾಸ್ತ್ರದಿಂದ ಆರಂಭವಾದ ಸಾಲಿನಲ್ಲಿ 2019ರಲ್ಲಿ ಅಕೌಂಟಿಂಗ್ ಪುಸ್ತಕವೂ ಬಂತು.

ನಾವು ಆ ಅಕೌಂಟಿಂಗ್ ಪುಸ್ತಕವನ್ನೇ ಅವಳ ಫೋನಿಗೆ ಇಳಿಸಿಕೊಂಡೆವು. ಅದರಲ್ಲಿ ಲೆಕ್ಕವೆಲ್ಲ ಡಾಲರಿನದು, ಅಂಗಡಿಗಳೆಲ್ಲ ಅಮೆರಿಕದವು. ನಮ್ಮಲ್ಲಿ ‘ಸಂಡ್ರಿ ಡೆಟರ್ಸ್’ ಎನ್ನುವುದನ್ನು ಅವರು ‘ಅಕೌಂಟ್ಸ್ ರಿಸೀವಬಲ್’ ಎನ್ನುತ್ತಾರೆ. ತೆರಿಗೆ, ಕಾನೂನು ಬೇರೆ. ಹಾಗಾಗಿ ನಮ್ಮ ವಿಶ್ವವಿದ್ಯಾಲಯದ ಸಿಲಬಸ್ಸಿಗೆ ಅದು ಪೂರ್ತಿ ಬದಲಿಯಾಗುವುದಿಲ್ಲ. ಆದರೆ ಜಮಾ ಖರ್ಚಿನ ಮೂಲ ಎಲ್ಲ ಕಡೆಯೂ ಒಂದೇ.

‘ಡಿಪ್ರಿಸಿಯೇಷನ್’ ಪಾಠದಲ್ಲಿ ಅವಳು ನಿಂತುಬಿಟ್ಟಳು. “ನಿಮ್ಮ ಮಾವನ ಮನೆಯಲ್ಲಿ ಪವರ್ ಟಿಲ್ಲರ್ ಇದೆಯಲ್ಲ, ಅದು ವರ್ಷ ವರ್ಷ ಸವೆಯಲ್ವಾ? ಅದೇ ಸವಕಳಿ” ಎಂದೆ. ಟಿಲ್ಲರಿನ ಬೆಲೆ 2,00,000 ರೂಪಾಯಿ, ಬಾಳಿಕೆ 10 ವರ್ಷ, ಕೊನೆಗೆ ಗುಜರಿಗೆ ಹಾಕಿದರೆ 20,000 ಸಿಗುತ್ತದೆ ಎಂದು ಇಟ್ಟುಕೊಂಡೆವು. ಉಳಿದ 1,80,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18,000 ಸವಕಳಿ. “ಇಷ್ಟೇನಾ ಅಜ್ಜ!” ಎಂದಳು. ಆಮೇಲೆ ಅವಳೇ ಒಂದೊಂದು ಲೆಕ್ಕದಲ್ಲೂ ಡಾಲರ್ ತೆಗೆದು ರೂಪಾಯಿ ಹಾಕಿದಳು, ಅಮೆರಿಕದ ಅಂಗಡಿಯ ಜಾಗದಲ್ಲಿ ಅಡಿಕೆ ಮಂಡಿ ತಂದಳು. ಪಕ್ಕದಲ್ಲಿ ಕನ್ನಡ ಅರ್ಥ ಬರೆದಳು. ಹೀಗೆ ಬದಲಿಸಿ ಹಂಚಲು ಆ ಪುಸ್ತಕದ ಪರವಾನಗಿಯಲ್ಲೇ ಒಪ್ಪಿಗೆ ಇದೆ. ಮೂಲದ ಹೆಸರು ಹೇಳಬೇಕು, ಮಾರಬಾರದು, ನಾವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೆ.

ಉತ್ತರ ಬರೆಯುವಾಗ ಕನ್ನಡ ಪದ ಹೊಳೆದು ಇಂಗ್ಲಿಷ್ ಪದ ಸಿಗದಿದ್ದರೆ ಅವಳಿಗೆ ‘ಅಲರ್’ ಸಹಾಯಕ್ಕೆ ಬಂತು. ಅಲರ್ ಎಂದರೆ ಹೂವು. ಇದೊಂದು ಕನ್ನಡ–ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಎಂಬುವರು ಒಬ್ಬರೇ ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಇದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಯಿತು. ಎರಡು ದಿನಕ್ಕೆ ಪುಸ್ತಕ ಕೊಡದ ನನಗೆ ನಾಲ್ಕು ದಶಕದ ದುಡಿಮೆಯನ್ನೇ ಕೊಟ್ಟವರ ಸುದ್ದಿ ತಿಳಿದಾಗ ನಾಚಿಕೆಯಾಯಿತು.

ಮಕ್ಕಳೇ, ನಿಮಗೂ ಬೇಕಾದಷ್ಟಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ‘ಸ್ಟೋರಿವೀವರ್’ ಎಂಬ ಕಥಾಕಣಜ ತೆರೆಯಿತು. ಚಿತ್ರಕಥೆಗಳು ಓದುವ ಮಟ್ಟಕ್ಕೆ ತಕ್ಕಂತೆ ಒಂದರಿಂದ ನಾಲ್ಕರವರೆಗೆ ಹಂತಗಳಲ್ಲಿವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ. ನಾಲ್ಕನೇ ತರಗತಿಯ ನನ್ನ ಮೊಮ್ಮಗ ಮೊದಲು ಕನ್ನಡದಲ್ಲಿ ಓದಿ, ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದುತ್ತಾನೆ. ಕಥೆ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷಿಗೆ ಹೆದರುವುದಿಲ್ಲ. ನಾನು ಒಂದು ಕಥೆಯನ್ನು ಕನ್ನಡಕ್ಕೆ ತರಲು ಹೋದಾಗ, “ಅಜ್ಜ, ಇದು ಬ್ಯಾಂಕಿನ ನೋಟಿಸ್ ಥರ ಇದೆ” ಎಂದು ಅವನೇ ತಿದ್ದಿದ!

ದೊಡ್ಡ ಮಕ್ಕಳಿಗೆ ಇದೇ ಉಪಾಯ ಪಠ್ಯಪುಸ್ತಕದಲ್ಲೂ ನಡೆಯುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಕನ್ನಡ ಮಾಧ್ಯಮದಲ್ಲೂ ಇಂಗ್ಲಿಷ್ ಮಾಧ್ಯಮದಲ್ಲೂ ಸಿಗುತ್ತವೆ. ಎಂಟನೇ ತರಗತಿಯ ವಿಜ್ಞಾನದ ಒಂದೇ ಪಾಠವನ್ನು ಎರಡು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ ನೋಡಿ. ಅರ್ಧ ಗಂಟೆಯಲ್ಲಿ ಹತ್ತು ಹೊಸ ಪದ ತಾವಾಗಿಯೇ ಬರುತ್ತವೆ.

ಹಳೆಯ ಪುಸ್ತಕಗಳೂ ಕಾಲ ಕಳೆದಂತೆ ಎಲ್ಲರ ಸೊತ್ತಾಗುತ್ತವೆ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕದ ಹಕ್ಕು ಮುಗಿಯುತ್ತದೆ. 1894ರ ಕಿಟೆಲ್ ನಿಘಂಟನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೆಲವರು ಅಷ್ಟು ಕಾಲ ಕಾಯಿಸುವುದೂ ಇಲ್ಲ. ಮಕ್ಕಳ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿದ ನಿರಂಜನರು ತೀರಿಕೊಂಡದ್ದು 1990ರ ದಶಕದಲ್ಲಿ. 2014ರಲ್ಲೇ ಅವರ ಕುಟುಂಬದವರು ಅವರ ಕೃತಿಗಳನ್ನು ಮುಕ್ತ ಪರವಾನಗಿಯಲ್ಲಿ ನಾಡಿಗೆ ಕೊಟ್ಟರು.

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಶಾಸನಗಳ ಏಳನೇ ಸಂಪುಟವೂ ಹೀಗೆ ಸಿಗುತ್ತದೆ. ನಮ್ಮ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ ಓದಿ ನಾನು ಬೆರಗಾದೆ. ವೇದ, ವ್ಯಾಕರಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದ ಜಾಗ ಅದು. ದೀನರಿಗೆ ಅನ್ನ, ರೋಗಿಗಳಿಗೆ ಔಷಧಿಯನ್ನೂ ಕೊಡುತ್ತಿದ್ದರಂತೆ. ಓದಿನ ಪಕ್ಕದಲ್ಲೇ ದಾಸೋಹ ಇಟ್ಟುಕೊಂಡ ಊರು ನಮ್ಮ ನೆರೆಯಲ್ಲೇ ಇದೆ.

ಒಂದು ಎಚ್ಚರಿಕೆ. ವಾಟ್ಸ್ಯಾಪಿನಲ್ಲಿ ಬಂದ ಪಿಡಿಎಫ್ ಎಲ್ಲ ಮುಕ್ತ ಪುಸ್ತಕವಲ್ಲ. ಲೇಖಕರಿಗೆ, ಪ್ರಕಾಶಕರಿಗೆ ಮೋಸ ಮಾಡಿ ಹಂಚಿದವೂ ಇರುತ್ತವೆ. ಮೊದಲ ಪುಟಗಳಲ್ಲಿ ಅನುಮತಿಯ ಮಾತು ಇದೆಯೇ ನೋಡಿ. ಸಣ್ಣ ಫೋನಿನಲ್ಲಿ ಇಡೀ ಪುಸ್ತಕ ಓದಿದರೆ ಕಣ್ಣಿಗೂ ಕಷ್ಟ. ಮುಕ್ತ ಪುಸ್ತಕವಾದರೆ ಬೇಕಾದ ಪಾಠವನ್ನಷ್ಟೇ ಪ್ರಿಂಟ್ ಹಾಕಿಸಿಕೊಳ್ಳಬಹುದು. ಅಜ್ಜ ಅಜ್ಜಿಯರೇ, ಇಂಗ್ಲಿಷ್ ಬರದಿದ್ದರೂ ಮಕ್ಕಳ ಪಕ್ಕ ಕೂತು “ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದು ಕೇಳುತ್ತಿರಿ. ಹೇಳಿಕೊಡುವಾಗಲೇ ಅವರಿಗೆ ಪಾಠ ಗಟ್ಟಿಯಾಗುತ್ತದೆ.

ಹುಡುಗಿ ಕಾಲೇಜು ಬಿಡಲಿಲ್ಲ. ಅಕೌಂಟ್ಸ್‌ನಲ್ಲಿ ಪಾಸಾದಳು. ಇಂಗ್ಲಿಷ್ ಪೇಪರ್ ಒಂದು ಬಾಕಿ ಉಳಿದಿತ್ತು, ಅದನ್ನು ಮತ್ತೆ ಕಟ್ಟಿದಳು. ಅವಳ ಎರಡು ಭಾಷೆಯ ನೋಟ್ಸ್ ಈಗ ಜೂನಿಯರ್‌ಗಳ ಫೋನುಗಳಲ್ಲಿದೆ. ಮೊದಲ ಪುಟದಲ್ಲಿ ಮೂಲ ಪುಸ್ತಕದ ಹೆಸರು ಬರೆದು, ಕೆಳಗೆ ‘ಮಾರಬೇಡಿ, ಹಂಚಿ’ ಎಂದು ಹಾಕಿದ್ದಾಳೆ.

ಈಚೆಗೆ ಸೊರಬದಲ್ಲಿ ಒಂದು ಮದುವೆಗೆ ಹೋದಾಗ ಆ ಹಳೆಯ ಗೆಳೆಯ ಸಿಕ್ಕಿದ. ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಟ್ರಂಕಿನ ವಿಷಯ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲೇ ಗೊತ್ತಿತ್ತು ಕಣೋ” ಎಂದ. ಆಮೇಲೆ, “ಈಗ ಎಲ್ಲಿದೆ ಆ ಪುಸ್ತಕ?” ಎಂದು ಕೇಳಿದ.

“ಗೆದ್ದಲು ತಿಂತು” ಎಂದೆ.

ಅವನು ನಕ್ಕು, ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.