ಕಣ್ಣಿಗೆ ಬೀಳದ ಬಂದೂಕು, ಕೈಗೆ ಸಿಗುವ ಕಾಗದ

ಬೀದರ್ ಕಡೆಯಿಂದ ಬಂದರೂ ಸರಿ, ವಾಡಿ ಕಡೆಯಿಂದ ಬಂದರೂ ಸರಿ, ರೈಲು ವಿಕಾರಾಬಾದ್ ದಾಟಿದ ಮೇಲೆ ಹೈದರಾಬಾದ್ ಮಹಾನಗರ ಶುರುವಾಗುವುದು ಲಿಂಗಂಪಲ್ಲಿಯಲ್ಲಿ. ಕಲ್ಯಾಣ ಕರ್ನಾಟಕದವರಿಗೆ ಇದು ಹಳೆಯ ಪರಿಚಯದ ನಿಲ್ದಾಣ. ಇಳಿದು ಹಳೆ ಮುಂಬೈ ಹೆದ್ದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ಹೈದರಾಬಾದ್ ವಿಶ್ವವಿದ್ಯಾಲಯದ ವಿಶಾಲ ಆವರಣ ಸಿಗುತ್ತದೆ. ಬಂಡೆಗಳು, ಕುರುಚಲು ಕಾಡು, ಕೆರೆಗಳ ನಡುವಿನ ಈ ಆವರಣದಲ್ಲೇ ತೆಲಂಗಾಣ ಕ್ರೀಡಾ ಪ್ರಾಧಿಕಾರದ ಶೂಟಿಂಗ್ ರೇಂಜ್ ಇದೆ. 2002ರ ರಾಷ್ಟ್ರೀಯ ಕ್ರೀಡಾಕೂಟ ಮತ್ತು 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಗಚ್ಚಿಬೌಲಿ ಭಾಗದಲ್ಲಿ ಎದ್ದುನಿಂತ ಕ್ರೀಡಾ ಸೌಕರ್ಯಗಳ ಸಾಲಿಗೆ ಸೇರಿದ್ದು ಇದು.

ಗುರಿಕಾರರ ವಿಷಯದಲ್ಲಿ ಹೈದರಾಬಾದ್ ಬಡ ಊರಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಂಚು ಗೆದ್ದ ಗಗನ್ ನಾರಂಗ್ ಈ ಊರಿನವರು. 2018ರಲ್ಲಿ, ಹದಿಮೂರರ ವಯಸ್ಸಿನಲ್ಲೇ ಹಿರಿಯರ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆದ ಇಶಾ ಸಿಂಗ್ ಇಲ್ಲಿಯವರೇ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಿಂದ ಅವರು ಒಂದು ಚಿನ್ನ, ಮೂರು ಬೆಳ್ಳಿ ತಂದರು. 2022ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಶ್ರವಣದೋಷವುಳ್ಳವರ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ಗೆದ್ದ ಧನುಷ್ ಶ್ರೀಕಾಂತ್ ಕೂಡ ಹೈದರಾಬಾದಿನ ಹುಡುಗ.

ಪದಕದ ಸುದ್ದಿ ನಮಗೆ ತಲುಪುತ್ತದೆ. ಆ ಪದಕದ ಹಿಂದಿರುವ ಒಂದು ಶಿಸ್ತು ಮಾತ್ರ ಸುದ್ದಿಯಾಗುವುದೇ ಇಲ್ಲ. ಮನೆಯ ಬೀರುವಿನಲ್ಲಿದ್ದ ಬಂದೂಕು ರೇಂಜಿನ ಫೈರಿಂಗ್ ಲೈನ್‌ವರೆಗೆ ಹೇಗೆ ಹೋಗುತ್ತದೆ, ಹೇಗೆ ಮರಳುತ್ತದೆ ಎಂಬುದೇ ಆ ಶಿಸ್ತು. ಒಬ್ಬ ಶೂಟರ್ ಎಷ್ಟು ಪಳಗಿದವನು ಎಂಬುದನ್ನು ಗುರಿಹಲಗೆ ಹೇಳುವ ಮೊದಲೇ ಅವನು ಪೆಟ್ಟಿಗೆ ಹಿಡಿದು ಬರುವ ರೀತಿ ಹೇಳಿಬಿಡುತ್ತದೆ. ಇಡೀ ವಿದ್ಯೆಯನ್ನು ಒಂದು ಸಾಲಿಗೆ ಇಳಿಸುವುದಾದರೆ: ಬಂದೂಕು ಯಾರ ಕಣ್ಣಿಗೂ ಬೀಳಬಾರದು, ಕಾಗದ ಕೇಳಿದ ಕೂಡಲೇ ಕೈಗೆ ಸಿಗಬೇಕು.

ಮೊದಲು ಕಾಗದ

ನಮ್ಮ ದೇಶದಲ್ಲಿ ಬಂದೂಕಿನ ವ್ಯವಹಾರವೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಅಡಿಯಲ್ಲಿ ನಡೆಯುತ್ತದೆ. ಎಲ್ಲ ಬಂದೂಕಿಗೂ ಲೈಸೆನ್ಸ್ ಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಒಂದು ವಿನಾಯಿತಿ ಇದೆ. ನಳಿಗೆಯ ಒಳಅಳತೆ 4.5 ಮಿಲಿಮೀಟರ್ ಮೀರದ, ಹೊರಬೀಳುವ ಗುಂಡಿನ ಶಕ್ತಿ 20 ಜೂಲ್ ದಾಟದ ಏರ್ ರೈಫಲ್, ಏರ್ ಪಿಸ್ತೂಲುಗಳಿಗೆ ಲೈಸೆನ್ಸ್ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗಳಲ್ಲಿ ಬಳಸುವುದು ಇವನ್ನೇ. ಶಾಲಾ ಮಕ್ಕಳು ಈ ಕ್ರೀಡೆಗೆ ಕಾಲಿಡುವುದೂ ಇವುಗಳ ಮೂಲಕವೇ.

25 ಮೀಟರ್, 50 ಮೀಟರ್ ಸ್ಪರ್ಧೆಗಳ ಪಾಯಿಂಟ್ ಟೂ-ಟೂ ಪಿಸ್ತೂಲು, ರೈಫಲ್‌ಗಳಿಗೆ ಮತ್ತು ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯುವ ಹನ್ನೆರಡು ಬೋರಿನ ಬಂದೂಕಿಗೆ ಲೈಸೆನ್ಸ್ ಕಡ್ಡಾಯ. ಲಿಂಗಂಪಲ್ಲಿ ಸೈಬರಾಬಾದ್ ಪೊಲೀಸ್ ಕಮಿಷನರೇಟಿಗೆ ಸೇರಿದ ಪ್ರದೇಶ. ಕಮಿಷನರೇಟ್ ಇರುವ ಕಡೆ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್‌ಗೆ, ಉಳಿದ ಕಡೆ ಜಿಲ್ಲಾಧಿಕಾರಿಗೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಸ್ಪರ್ಧಿಸುವ ಶೂಟರ್‌ಗಳಿಗೆ ಇದರಲ್ಲಿ ಪ್ರತ್ಯೇಕ ರಿಯಾಯಿತಿ ಉಂಟು.

ಪ್ರಯಾಣಕ್ಕೆ ಹೊರಡುವವರು ಲೈಸೆನ್ಸ್‌ನಲ್ಲಿ ಮೂರು ಸಂಗತಿಗಳನ್ನು ತಪ್ಪದೆ ನೋಡಬೇಕು. ಮೊದಲನೆಯದು, ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು: ಜಿಲ್ಲೆಗೋ, ರಾಜ್ಯಕ್ಕೋ, ಇಡೀ ದೇಶಕ್ಕೋ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಹಿಡಿದು ಬೀದರಿನಿಂದ ಹೈದರಾಬಾದಿಗೆ ಬಂದವರು ಗಡಿ ದಾಟಿದ ಗಳಿಗೆಯಲ್ಲೇ ಕಾನೂನನ್ನೂ ದಾಟಿರುತ್ತಾರೆ. ಎರಡನೆಯದು, ಬಂದೂಕಿನ ಮೇಲೆ ಕೆತ್ತಿದ ಸಂಖ್ಯೆ ಮತ್ತು ಕಾಗದದಲ್ಲಿರುವ ಸಂಖ್ಯೆ ಒಂದೇ ಆಗಿರಬೇಕು. ಮೂರನೆಯದು, ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂಬ ಮಿತಿ.

ಲೈಸೆನ್ಸ್ ಇಲ್ಲದೆ ಬಂದೂಕು ಒಯ್ದರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಲೈಸೆನ್ಸ್ ಇದ್ದೂ ಅದರ ಷರತ್ತು ಮುರಿದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ. ಕಾಯ್ದೆಯ 19ನೇ ಕಲಂ ಪ್ರಕಾರ ಬಂದೂಕು ಒಯ್ಯುತ್ತಿರುವ ಯಾರನ್ನೇ ಆಗಲಿ ಪೊಲೀಸ್ ಅಧಿಕಾರಿ ಲೈಸೆನ್ಸ್ ತೋರಿಸಿ ಎಂದು ಕೇಳಬಹುದು. ಕೇಳುವುದು ಅವರ ಕೆಲಸ, ತೋರಿಸುವುದು ನಮ್ಮ ಕೆಲಸ. ಜೊತೆಗೆ ರೈಫಲ್ ಸಂಘದ ಸದಸ್ಯತ್ವದ ಕಾರ್ಡ್, ಸ್ಪರ್ಧೆಗೆ ಹೋಗುವುದಾದರೆ ಪ್ರವೇಶಪತ್ರ ಇದ್ದರೆ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಏರ್ ರೈಫಲ್ ಒಯ್ಯುವ ಮಕ್ಕಳು ಖರೀದಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು. ಲೈಸೆನ್ಸ್ ಬೇಡದ ಬಂದೂಕು ಎಂಬುದು ರಸ್ತೆಯಲ್ಲಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಪೆಟ್ಟಿಗೆಯ ಒಳಗೆ

ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು, ಅದಕ್ಕೆಂದೇ ಮಾಡಿದ ಕೇಸ್ ಅಥವಾ ಹೋಲ್‌ಸ್ಟರ್‌ನಲ್ಲಿ ಇರಬೇಕು, ಒಯ್ಯುವವರ ಹತೋಟಿಯಲ್ಲೇ ಇರಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಶೂಟರ್‌ಗಳು ಬಳಸುವ ಗಟ್ಟಿ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿದರೆ ಈ ನಿಯಮದ ಅರ್ಥ ಇನ್ನೂ ಚೆನ್ನಾಗಿ ಹೊಳೆಯುತ್ತದೆ.

ಒಳಗೆ ದಪ್ಪ ಸ್ಪಂಜು, ಅದರಲ್ಲಿ ರೈಫಲ್ಲಿನ ಆಕಾರಕ್ಕೇ ಕತ್ತರಿಸಿದ ಹಾಸು. ರೈಫಲ್ ಅಲುಗಾಡುವಂತಿಲ್ಲ. ಹಿಂದಿನ ಗುರಿಕಿಂಡಿ ಕೂದಲೆಳೆಯಷ್ಟು ಸರಿದರೂ ಮರುದಿನದ ಗುಂಡು ಎಲ್ಲೋ ಬೀಳುತ್ತದೆ. 10 ಮೀಟರ್ ಏರ್ ರೈಫಲ್ಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ಬೋಲ್ಟ್ ತೆರೆದಿರುತ್ತದೆ. ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ದಾರ ತೂರಿಸಿದ್ದು, ಅದರ ತುದಿ ಹೊರಗೆ ಎದ್ದು ಕಾಣುತ್ತದೆ. ಇದೇ ಸೇಫ್ಟಿ ಫ್ಲ್ಯಾಗ್. ದಾರ ಆರಪಾರ ಹೋಗಿದೆ ಎಂದರೆ ಒಳಗೆ ಗುಂಡಿಲ್ಲ ಎಂದೇ ಅರ್ಥ. ಯಾರ ಮಾತನ್ನೂ ನಂಬಬೇಕಿಲ್ಲ, ಕಣ್ಣೇ ಸಾಕ್ಷಿ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳಲ್ಲಿ ಇದು ಕಡ್ಡಾಯ.

ತೋಟಾ ಬೇರೆ ಡಬ್ಬಿಯಲ್ಲಿ, ಬೇರೆ ಬೀಗದಲ್ಲಿ. ಮ್ಯಾಗಜಿನ್ ಇರುವ ಬಂದೂಕಾದರೆ ಅದನ್ನು ಕಳಚಿ ಖಾಲಿ ಇಡಬೇಕು. ಪಾಯಿಂಟ್ ಟೂ-ಟೂ ಎಂದರೆ ಚಿಕ್ಕದು ಎಂದು ಹಗುರವಾಗಿ ಕಾಣುವವರಿದ್ದಾರೆ. ಆ ಪುಟ್ಟ ಗುಂಡು ಅಡ್ಡಿಯಿಲ್ಲದಿದ್ದರೆ ಒಂದೂವರೆ ಮೈಲಿ ದೂರ ಹೋಗಬಲ್ಲದು. ರೇಂಜಿನ ಕೊನೆಯಲ್ಲಿ ಗುಂಡು ತಡೆಯುವ ದಿಬ್ಬ, ಗೋಡೆ ಇರುವುದು ಇದಕ್ಕಾಗಿಯೇ. ದಾರಿಯಲ್ಲಿ ಅಂಥ ದಿಬ್ಬ ಇರುವುದಿಲ್ಲ. ದಾರಿಯುದ್ದಕ್ಕೂ ಇರುವ ಒಂದೇ ಕಾವಲು ಖಾಲಿ ಚೇಂಬರ್.

ಏರ್ ರೈಫಲ್‌ಗಳಿಗೆ ಇನ್ನೊಂದು ಎಚ್ಚರ ಬೇಕು. ಅದರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಏಪ್ರಿಲ್, ಮೇ ತಿಂಗಳ ಹೈದರಾಬಾದ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಅದನ್ನು ಬಿಟ್ಟುಹೋಗಬಾರದು. ಸಿಲಿಂಡರಿನ ಮೇಲೆ ತಯಾರಕರು ನಮೂದಿಸಿದ ಅವಧಿ ಮುಗಿದಿದ್ದರೆ ಬಳಸಲೇಬಾರದು.

ದಾರಿಯಲ್ಲಿ

ಮನೆಯಿಂದ ರೇಂಜ್, ರೇಂಜಿನಿಂದ ಮನೆ. ಬಂದೂಕಿನೊಂದಿಗೆ ಹೊರಟವರ ದಾರಿ ಇಷ್ಟೇ ಆಗಿರಬೇಕು. ನಡುವೆ ಹೋಟೆಲಿನಲ್ಲಿ ಊಟ, ಮಾಲ್‌ನಲ್ಲಿ ಖರೀದಿ, ನೆಂಟರ ಮನೆಯಲ್ಲಿ ಚಹಾ ಬೇಡ. ಕಾರಿನಲ್ಲಿ ಪೆಟ್ಟಿಗೆ ಡಿಕ್ಕಿಯಲ್ಲಿರಲಿ, ಬೀಗ ಹಾಕಿರಲಿ. ಕಾರನ್ನು ಬಿಟ್ಟು ಹೋಗಲೇಬೇಕಾದರೆ ಜೊತೆಗಾರರೊಬ್ಬರು ಅಲ್ಲೇ ಇರಲಿ. ಲೈಸೆನ್ಸ್‌ದಾರರ ಎದುರಿನಲ್ಲಿ ಅಥವಾ ಅವರ ಲಿಖಿತ ಒಪ್ಪಿಗೆಯೊಂದಿಗೆ, ಅವರ ಬಳಕೆಗಾಗಿ ಇನ್ನೊಬ್ಬರು ಬಂದೂಕು ಒಯ್ಯಲು ಕಾಯ್ದೆಯ 3ನೇ ಕಲಂನಲ್ಲಿ ಅವಕಾಶವಿದೆ. "ಡ್ರೈವರ್ ಕೈಯಲ್ಲಿ ಕಳಿಸಿಬಿಡೋಣ" ಎನ್ನುವವರು ಆ ಲಿಖಿತ ಒಪ್ಪಿಗೆ ಎಂಬ ಮಾತನ್ನು ಮರೆಯಬಾರದು.

ರೈಲಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ ನಿದ್ದೆ ಹೋಗುವಂತಿಲ್ಲ. ಸರಪಳಿ ಹಾಕಿದರೂ ಇಬ್ಬರು ಸರದಿಯಲ್ಲಿ ಎಚ್ಚರವಿರುವುದೇ ಕ್ಷೇಮ. ವಿಮಾನದಲ್ಲಾದರೆ ಬಂದೂಕು ಕೈಚೀಲದ ಜೊತೆ ಕ್ಯಾಬಿನ್ನಿಗೆ ಹೋಗುವ ಮಾತೇ ಇಲ್ಲ. ಚೆಕ್-ಇನ್ ಕೌಂಟರಿನಲ್ಲೇ ತಿಳಿಸಿ, ಲೈಸೆನ್ಸ್ ತೋರಿಸಿ, ಖಾಲಿ ಎಂದು ಖಾತ್ರಿ ಮಾಡಿಸಿ ಲಗೇಜಿಗೆ ಹಾಕಬೇಕು. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಂತೆ ತೋಟಾ ಒಬ್ಬರಿಗೆ ಐದು ಕಿಲೋ ಮೀರುವಂತಿಲ್ಲ. ಸ್ಪರ್ಧಿಗಳ ತಂಡಗಳು ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಉಳಿದ ಪ್ರಯಾಣಿಕರಿಗಿಂತ ಬಹಳ ಮೊದಲೇ ಹೊರಡುವುದು ಈ ಕೆಲಸಗಳಿಗಾಗಿ.

ರೇಂಜ್ ತಲುಪಿದ ಮೇಲೂ ಅವಸರವಿಲ್ಲ. ಪೆಟ್ಟಿಗೆ ತೆರೆಯುವುದು ಪಾರ್ಕಿಂಗ್‌ನಲ್ಲಿ ಅಲ್ಲ, ಗೆಳೆಯರಿಗೆ ತೋರಿಸಲು ವರಾಂಡದಲ್ಲೂ ಅಲ್ಲ. ಫೈರಿಂಗ್ ಪಾಯಿಂಟಿಗೆ ಹೋಗಿ, ಅಧಿಕಾರಿ ಅನುಮತಿ ಕೊಟ್ಟ ಮೇಲೆ, ನಳಿಗೆ ಗುರಿಹಲಗೆಯ ಕಡೆ ಇರುವಂತೆ ತೆರೆಯಬೇಕು. "ಲೋಡ್" ಎಂದ ಮೇಲೆ ಗುಂಡು, "ಸ್ಟಾಪ್" ಎಂದ ಕ್ಷಣ ಎಲ್ಲವೂ ನಿಲ್ಲಬೇಕು. ಮುಗಿದ ಮೇಲೆ ಚೇಂಬರ್ ಖಾಲಿ ಇದೆಯೆಂದು ಅಧಿಕಾರಿ ನೋಡುತ್ತಾರೆ, ಕಿತ್ತಳೆ ದಾರ ಮತ್ತೆ ನಳಿಗೆ ಸೇರುತ್ತದೆ, ಆಮೇಲೆ ಪೆಟ್ಟಿಗೆ.

ಕೊಡಗಿನ ಮಾತು

ಬಂದೂಕು ಮತ್ತು ಕಾನೂನಿನ ಮಾತು ಬಂದಾಗ ಕನ್ನಡಿಗರಿಗೆ ಕೊಡಗು ನೆನಪಾಗದೆ ಇರುವುದಿಲ್ಲ. ಬ್ರಿಟಿಷರ ಕಾಲದಲ್ಲಿ, 1861ರಿಂದ ಕೊಡವರಿಗೆ ಸಿಕ್ಕ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ ಎಂಬ ಈ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿನ ಅಲಂಕಾರ, ಪೂಜೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

ಹೊರಗಿನವರು ಇದನ್ನು ಸಲಿಗೆ ಎಂದು ತಿಳಿಯುತ್ತಾರೆ. ಅಲ್ಲಿಯೂ ವಿನಾಯಿತಿ ಪತ್ರ ಇರಲೇಬೇಕು, ಕೋವಿ ಮನೆತನದ ಜವಾಬ್ದಾರಿ ಎಂಬ ಭಾವನೆಯೂ ಇರಬೇಕು. ಪೂಜಿಸುವ ವಸ್ತುವನ್ನು ಯಾರೂ ಬೀದಿಯಲ್ಲಿ ಬೀಸಾಡಿಕೊಂಡು ಹೋಗುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ಸಂಭ್ರಮಿಸುವ ಉತ್ತರದ ಕೆಟ್ಟ ಚಾಳಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದ್ದು ಸರಿಯಾದ ಕೆಲಸ. ಕ್ರೀಡೆಗೂ ಆ ಚಾಳಿಗೂ ಯಾವ ಸಂಬಂಧವೂ ಇಲ್ಲ.

ಕಲಿಯಲು ಬಯಸುವವರಿಗೆ

ಮಗನೋ ಮಗಳೋ ಶೂಟಿಂಗ್ ಕಲಿಯಬೇಕೆಂದು ಹಟ ಹಿಡಿದರೆ ತಂದೆತಾಯಿ ಮೊದಲು ಅಂಗಡಿಗೆ ಓಡುವುದು ಬೇಡ. ಬರಿಗೈಯಲ್ಲಿ ರೇಂಜಿಗೆ ಹೋಗಿ. ಅರ್ಧ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮೊದಲ ತಿಂಗಳುಗಳಲ್ಲಿ ಕ್ಲಬ್ಬಿನ ರೈಫಲ್ಲೇ ಸಾಕು. ಅದು ರೇಂಜಿನಲ್ಲೇ ಇರುತ್ತದೆ, ಒಯ್ಯುವ ಹೊಣೆಯೇ ಬರುವುದಿಲ್ಲ. ಮಗು ಕೋಚ್ ಹೇಳದೆ ನಳಿಗೆಯನ್ನು ಅತ್ತಿತ್ತ ತಿರುಗಿಸದ, ಕೇಳದೆ ಟ್ರಿಗರ್ ಮುಟ್ಟದ ಹಂತಕ್ಕೆ ಬಂದ ಮೇಲೆ ಸ್ವಂತ ಬಂದೂಕಿನ ಯೋಚನೆ ಮಾಡಿ. ಬಂದೂಕಿನ ಜೊತೆಗೇ ಒಳ್ಳೆಯ ಪೆಟ್ಟಿಗೆ, ಎರಡು ಬೀಗ, ಮನೆಯಲ್ಲಿ ಗೋಡೆಗೆ ಬಿಗಿದ ಉಕ್ಕಿನ ಬೀರು ಇವಕ್ಕೂ ಹಣ ತೆಗೆದಿಡಿ. ಅಷ್ಟು ಕೈಗೂಡುವವರೆಗೆ ಕ್ಲಬ್ಬಿನ ರೈಫಲ್ಲಿನಲ್ಲೇ ಅಭ್ಯಾಸ ನಡೆಯಲಿ, ಅದರಿಂದ ಮಗುವಿನ ಗುರಿಗೆ ಯಾವ ನಷ್ಟವೂ ಇಲ್ಲ.