ಸೈಲೆನ್ಸರಿನ ಎರಡು ನಟ್ಟುಗಳು

ಪುಣೆಯ ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮವರ ಪೈಕಿ ಹೊಸ ಮೋಟಾರ್ ಸೈಕಲ್ ಕೊಳ್ಳಬಲ್ಲವರು ಕೆಲವರು ಮಾತ್ರ. ಉಳಿದವರ ಪಾಲಿಗೆ ಒದಗುವುದು ಎರಡು ಮೂರು ಕೈ ದಾಟಿ ಬಂದ ಹಳೆಯ ಗಾಡಿ. ನಸುಕಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಒಲೆ ಹೊತ್ತಿಸಬೇಕಾದವನಿಗೆ ಆ ಹೊತ್ತಿನಲ್ಲಿ ಬಸ್ಸು ಸಿಗುವುದಿಲ್ಲ. ರಿಕ್ಷಾಕ್ಕೆ ಕೊಡುವಷ್ಟು ಹಣ ಜೇಬಿನಲ್ಲಿರುವುದಿಲ್ಲ. ಹೀಗಿರುವಾಗ ಆ ಹಳೆಯ ಗಾಡಿಯೆಂದರೆ ಅವನ ಅರ್ಧ ನೌಕರಿಯೆಂದೇ ತಿಳಿಯಬೇಕು.

ನನ್ನ ಕೋಣೆಯ ಜೊತೆಗಾರನಾದ ಕುಂದಾಪುರದ ಹುಡುಗನೊಬ್ಬ ಹೀಗೆಯೇ ೧೯೯೯ರ ಹೀರೋ ಹೋಂಡಾ ಸ್ಪ್ಲೆಂಡರ್ ಗಾಡಿಯೊಂದನ್ನು ತನ್ನ ಮಾವನಿಂದ ಪಡೆದು, ರೈಲಿನ ಪಾರ್ಸೆಲಿನಲ್ಲಿ ಪುಣೆಗೆ ತರಿಸಿಕೊಂಡ. ಊರಿನಲ್ಲಿ ಅದು ಮೂರು ಮಳೆಗಾಲ ದನದ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತಂತೆ. ಓಡುವುದೇನೋ ಓಡುತ್ತಿತ್ತು, ಆದರೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರಿನಿಂದ ಪಟಾಕಿ ಹಾರಿಸಿದಂತೆ ಪಟ್ ಪಟ್ ಎಂದು ಸದ್ದು ಹೊರಡುತ್ತಿತ್ತು. ಇಂಜಿನ್ನಿನ ಬಾಯಿಗೂ ಕೊಳವೆಗೂ ನಡುವೆ ಇರುವ ತಾಮ್ರದ ವಾಶರು ಸವೆದು, ಸಂದಿನಿಂದ ಗಾಳಿ ಒಳನುಗ್ಗುತ್ತಿದೆ ಎಂಬುದಕ್ಕೆ ಇದು ಗುರುತು. ಮಹಾರಾಷ್ಟ್ರದ ನೋಂದಣಿ ಮಾಡಿಸಲು ಸಂಗಮ ಸೇತುವೆಯ ಬಳಿಯ ಆರ್‌ಟಿಓ ಕಚೇರಿಗೆ ಗಾಡಿಯನ್ನು ತಪಾಸಣೆಗೆ ಒಯ್ಯಲು ಹನ್ನೊಂದು ದಿನ ಉಳಿದಿತ್ತು. ಹೊರ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕೆಂಬುದು ೧೯೮೮ರ ಮೋಟಾರು ವಾಹನ ಕಾಯಿದೆಯ ೪೭ನೆಯ ಕಲಮು. ನಮ್ಮವರಲ್ಲಿ ಅನೇಕರು ಇದನ್ನು ಪೊಲೀಸನು ತಡೆದ ದಿನವೇ ತಿಳಿದುಕೊಳ್ಳುತ್ತಾರೆ.

ವಾಶರಿನ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ಆದರೆ ಅದನ್ನು ಬದಲಿಸಲು ಎರಡು ನಟ್ಟುಗಳನ್ನು ಬಿಚ್ಚಬೇಕು. ಹತ್ತು ನಂಬರಿನ ಪಾನಾ ಹಿಡಿಯುವ ಸಣ್ಣ ನಟ್ಟುಗಳು ಅವು. ಅವು ಕುಳಿತಿರುವ ಉಕ್ಕಿನ ಸ್ಟಡ್ಡುಗಳಾದರೋ ಆರು ಮಿಲಿಮೀಟರ್ ದಪ್ಪದವು, ನಮ್ಮ ಕಿರುಬೆರಳಿಗಿಂತ ಸಪೂರ. ಸ್ಟಡ್ಡಿನ ಇನ್ನೊಂದು ತುದಿ ಅಲ್ಯುಮಿನಿಯಮ್ಮಿನ ಸಿಲಿಂಡರ್ ಹೆಡ್ಡಿನೊಳಗೆ ತಿರುಪಿಕೊಂಡು ಕುಳಿತಿರುತ್ತದೆ. ಇಡೀ ಗಾಡಿಯಲ್ಲಿ ಇದಕ್ಕಿಂತ ಕಷ್ಟದ ಜಾಗ ಮತ್ತೊಂದಿಲ್ಲ. ಮುಂದಿನ ಚಕ್ರ ಎರಚುವ ಕೆಸರು ನೀರೆಲ್ಲ ನೇರವಾಗಿ ಬಂದು ಬೀಳುವುದು ಅಲ್ಲಿಗೇ. ಇಂಜಿನ್ನಿನ ಬೆಂಕಿಯೂ ಹೊರಬೀಳುವುದು ಅಲ್ಲಿಂದಲೇ. ರಾತ್ರಿ ನೀರು ಹಾಕಿ ಬಿಟ್ಟ ದೋಸೆಯ ಕಾವಲಿ ಬೆಳಗಾಗುವುದರೊಳಗೆ ಕೆಂಪಗಾಗುವುದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕಾವಲಿಗೆ ಎಣ್ಣೆಯ ರಕ್ಷಣೆ ಇರುತ್ತದೆ. ಈ ಸ್ಟಡ್ಡಿಗೆ ಹಚ್ಚಿದ ಎಣ್ಣೆ ಒಂದೇ ದಿನದಲ್ಲಿ ಸುಟ್ಟುಹೋಗುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಮೀರಿ ಜಾಗ ಬೇಡುವುದರಿಂದ, ನಟ್ಟಿಗೂ ಸ್ಟಡ್ಡಿಗೂ ನಡುವಣ ಕೂದಲೆಳೆಯ ಸಂದಿನಲ್ಲಿ ಅದು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ.

ಇಷ್ಟನ್ನು ಈಗ ಬರೆಯುತ್ತಿದ್ದೇನೆ. ಅಂದು ತಿಳಿದಿರಲಿಲ್ಲ. ಕಚೇರಿಗೆ ರಜೆಯಿದ್ದ ಭಾನುವಾರ ನಾನೇ ಧೈರ್ಯ ಮಾಡಿ ಪಾನಾ ಹಿಡಿದೆ. ಮೊದಲ ನಟ್ಟು ಕಿರ್ರೆಂದು ಕೂಗುತ್ತ ಹೊರಬಂದಿತು. ಅದೇ ನನ್ನ ತಲೆ ತಿರುಗಿಸಿತು. ಎರಡನೆಯದು ಅಲುಗದಿದ್ದಾಗ ಪಾನಾದ ಹಿಡಿಕೆಗೆ ಕಬ್ಬಿಣದ ಕೊಳವೆಯೊಂದನ್ನು ತೂರಿಸಿ ಜಗ್ಗಿದೆ. ಒಂದು ಕ್ಷಣ ಬೆಣ್ಣೆಯಂತೆ ಸಲೀಸಾಗಿ ತಿರುಗಿತು, ಸಡಿಲಾಯಿತೆಂದು ಸಂತೋಷಪಟ್ಟೆ. ನೋಡಿದರೆ ನಟ್ಟು, ಅದರೊಳಗೆ ಅರ್ಧ ಸ್ಟಡ್ಡು, ಎರಡೂ ನನ್ನ ಕೈಯಲ್ಲಿದ್ದವು. ಉಳಿದರ್ಧ ಹೆಡ್ಡಿನಿಂದ ಬತ್ತದ ಕಾಳಿನಷ್ಟು ಮಾತ್ರ ಹೊರಗೆ ಚಾಚಿಕೊಂಡಿತ್ತು. ಹುಡುಗ ಏನೂ ಅನ್ನಲಿಲ್ಲ. “ಇರಲಿ ಅಣ್ಣ” ಎಂದು ಕೈಯೊರೆಸಲು ಬಟ್ಟೆ ತಂದುಕೊಟ್ಟ. ಬೈದಿದ್ದರೆ ಮೇಲಾಗುತ್ತಿತ್ತು.

ಹತ್ತಿರದ ಗ್ಯಾರೇಜಿನವನು ಬಗ್ಗಿ ನೋಡಿ, “ಆಟೆ ಹೋಗಿವೆ, ಹೆಡ್ಡನ್ನೇ ಬದಲಿಸಬೇಕು” ಎಂದು ತೀರ್ಪು ಕೊಟ್ಟ. ಆಟೆ ಎಂದರೆ ಇಲ್ಲಿಯ ಮಿಸ್ತ್ರಿಗಳ ಮರಾಠಿಯಲ್ಲಿ ತಿರುಪಿನ ಸುತ್ತುಗಳು. ಅವನು ಹೇಳಿದ ಮೊತ್ತ ಹುಡುಗನ ತಿಂಗಳ ಸಂಬಳದ ಕಾಲು ಪಾಲು. ಊರಿಗೆ ಕಳುಹಿಸುವ ಹಣದಲ್ಲಿಯೇ ಅಷ್ಟು ಕಡಿಮೆಯಾಗಬೇಕು.

ಬಿಡಿಭಾಗಗಳ ಅಂಗಡಿಗಳಿಂದ ಕಿಕ್ಕಿರಿದ ನಾನಾ ಪೇಟೆಗೆ ಹಳೆಯ ಹೆಡ್ಡಿನ ಬೆಲೆ ವಿಚಾರಿಸಲು ಹೋದಾಗ, ಓಣಿಯ ತುದಿಯಲ್ಲಿ ಕೆಲಸ ಮಾಡುತ್ತಿದ್ದ ವಿಜಯಪುರದ ಕಡೆಯ ಮುದುಕ ಮಿಸ್ತ್ರಿಯೊಬ್ಬರ ಪರಿಚಯವಾಯಿತು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಅವರು ತಲೆಯೆತ್ತಿ, “ಹೆಡ್ ಯಾಕ ತಗೋತೀರಿ? ಗಾಡಿ ತಗೊಂಡ್ ಬರ್ರಿ, ನೋಡೂಣು” ಎಂದರು. ಮುರಿದದ್ದನ್ನು ನೋಡಿ ನಕ್ಕು, “ಅದರ ಜೋಡಿ ಜಗಳಾ ಆಡೀರಿ ನೀವು. ಮೊದಲ ಬಿಗಿ ಮಾಡಬೇಕ್ರಿ, ಆಮ್ಯಾಲ ಸಡಲ ಮಾಡಬೇಕು” ಎಂದರು.

ಈ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿದೆ. ತುಕ್ಕಿನ ಹಿಡಿತವನ್ನು ಒಡೆಯಲು ನಟ್ಟನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ಅಲುಗಿಸಬೇಕು, ಅನಂತರ ಬಿಚ್ಚುವ ದಿಕ್ಕಿಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ. ಹೀಗೆ ಹಿಂದೆ ಮುಂದೆ ಆಡಿಸುವಾಗ ತುಕ್ಕು ಪುಡಿಯಾಗಿ ಎಣ್ಣೆಯೊಡನೆ ಹೊರಬರುತ್ತದೆ. ಒಂದೇ ದಿಕ್ಕಿಗೆ ಜಗ್ಗಿದರೆ ಪುಡಿಯೆಲ್ಲ ಮುಂದಿನ ಸುತ್ತಿನಲ್ಲಿ ಗಿಡಿದುಕೊಳ್ಳುತ್ತದೆ, ಸ್ಟಡ್ಡು ತಿರುಚಿ ಮುರಿಯುತ್ತದೆ. ಅದಕ್ಕೂ ಮುಂಚೆ ತಂತಿಯ ಬ್ರಶ್ಶಿನಿಂದ ಹೊರಗಣ ತುಕ್ಕನ್ನು ಉಜ್ಜಿ, ಎರಡು ಮೂರು ಸಂಜೆ ಎಣ್ಣೆ ಕುಡಿಸಬೇಕು. ಡಬ್ಬಿಯಲ್ಲಿ ಬರುವ ತುಕ್ಕಿನ ಎಣ್ಣೆ ಉತ್ತಮ, ಡೀಸೆಲ್ಲೂ ನಡೆಯುತ್ತದೆ. ಕರಾವಳಿಯವರಾದ ನಾವು ತಲೆಗೂ ಬೀಗಕ್ಕೂ ಬಾಗಿಲ ಕೀಲಿಗೂ ತೆಂಗಿನೆಣ್ಣೆಯನ್ನೇ ಹಾಕುವವರು. ಇಲ್ಲಿ ಅದು ಉಪಯೋಗವಿಲ್ಲ. ಅದು ಮಂದ, ಪುಣೆಯ ಚಳಿಗೆ ಹೆಪ್ಪುಗಟ್ಟುವಂಥದು. ಪಾನಾ ಕೂಡ ನಟ್ಟಿನ ಆರೂ ಮುಖಗಳನ್ನು ತಬ್ಬುವ ಬಾಕ್ಸ್ ಪಾನಾ ಆಗಿರಬೇಕು. ಬಾಯಿ ತೆರೆದ ಪಾನಾ ಮೂಲೆಗಳನ್ನು ಸವೆಸಿ ನಟ್ಟನ್ನು ಗೋಲಿಯಂತೆ ಮಾಡಿಬಿಡುತ್ತದೆ.

ಇದಕ್ಕೂ ಬಗ್ಗದಿದ್ದರೆ ಶಾಖ. ಹಿತ್ತಾಳೆಯ ಕಾಫಿ ಫಿಲ್ಟರು ಕಚ್ಚಿಕೊಂಡಾಗ ಹೊರಗಿನ ಭಾಗಕ್ಕೆ ಬಿಸಿನೀರು ಸುರಿಯುತ್ತೇವಲ್ಲವೆ? ಅದೇ ನ್ಯಾಯ. ಸಣ್ಣ ಗ್ಯಾಸಿನ ಜ್ವಾಲೆಯಿಂದ ನಟ್ಟನ್ನು ಮಾತ್ರ ಕಾಯಿಸಿದರೆ ಅದು ಹಿಗ್ಗಿ ಸ್ಟಡ್ಡನ್ನು ಸಡಿಲಿಸುತ್ತದೆ. ಆದರೆ ಜ್ವಾಲೆ ಹೆಡ್ಡಿನ ಕಡೆ ತಿರುಗಬಾರದು. ಕಬ್ಬಿಣ ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯುಮಿನಿಯಮ್ ಬಣ್ಣ ಬದಲಿಸದೆಯೇ ಸುಮಾರು ೬೬೦ ಡಿಗ್ರಿಯಲ್ಲಿ ಕರಗಿ ಕೆಳಗೆ ಬೀಳುತ್ತದೆ. ಪೆಟ್ರೋಲ್ ಟ್ಯಾಂಕನ್ನು ತೆಗೆದು ದೂರವಿಡದೆ, ಒರೆಸಿದ ಎಣ್ಣೆಬಟ್ಟೆಗಳನ್ನು ಸರಿಸದೆ ಬೆಂಕಿ ಹಚ್ಚುವ ಸಾಹಸವನ್ನು ಯಾರೂ ಮಾಡಬಾರದು. ನಟ್ಟು ಏನು ಮಾಡಿದರೂ ಬಾರದೆ ಹೋದರೆ ಅದನ್ನೇ ಉಳಿಯಿಂದ ಸೀಳಿ ತೆಗೆಯುವುದು ಲೇಸು. ನಟ್ಟು ಹೋದರೆ ನಾಲ್ಕು ಕಾಸು. ಸ್ಟಡ್ಡು ಮುರಿದರೆ ನನ್ನ ಪಾಡು.

ಮುರಿದದ್ದಕ್ಕೆ ಮಿಸ್ತ್ರಿ ಮಾಡಿದ್ದು ಇಷ್ಟು. ಬ್ಯಾಟರಿಯ ತಂತಿ ಕಳಚಿ, ಚಾಚಿದ್ದ ಮೊಂಡು ತುದಿಯ ಮೇಲೆ ಹೊಸ ನಟ್ಟೊಂದನ್ನಿಟ್ಟು, ಅದರ ತೂತಿನೊಳಗಿಂದ ಎರಡನ್ನೂ ವೆಲ್ಡಿಂಗ್ ಮಾಡಿಸಿದರು. ಉಕ್ಕಿನ ಬೆಸುಗೆ ಅಲ್ಯುಮಿನಿಯಮ್ಮಿಗೆ ಅಂಟುವುದಿಲ್ಲ. ಬೆಸುಗೆಯ ಕಾವಿಗೆ ಸುತ್ತಲಿನ ಹೆಡ್ಡು ಹಿಗ್ಗಿತು. ಒಂದೇ ಡಿಗ್ರಿಗೆ ಅಲ್ಯುಮಿನಿಯಮ್ ಉಕ್ಕಿನ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೆಂಪು ಆರುವವರೆಗೆ ಕಾದು, ಪಾನಾ ಹಾಕಿ ಆಚೆ ಈಚೆ ಆಡಿಸಿದರು. ಮೊದಲ ಸಲ ಬೆಸುಗೆಯೇ ಕಿತ್ತುಬಂದಿತು. ಎರಡನೆಯ ಸಲವೂ. ಮೂರನೆಯ ಸಲ ತುಂಡು ಹೊರಬಂದಿತು. ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತುಂಡು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಕೊರೆಯಬೇಕಾಗುತ್ತಿತ್ತು, ಅದು ಲೇತಿನವರ ಕೆಲಸ. ಕೈಯಲ್ಲಿ ಹಿಡಿದ ಡ್ರಿಲ್ಲು ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯುಮಿನಿಯಮ್ಮಿನ ಕಡೆಗೇ ಜಾರುತ್ತದೆ. ಹಾಗೆ ತೂತು ಕೆಟ್ಟರೂ ಹೆಡ್ಡು ಬಿಸಾಡಬೇಕಾಗಿಲ್ಲ. ತೂತನ್ನು ದೊಡ್ಡದು ಮಾಡಿ, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಿ, ಹೊಸ ಆಟೆ ಮಾಡಿಕೊಡುವವರು ಇದ್ದಾರೆ.

ನಮ್ಮ ಮೈಸೂರಿನ ಯೆಜ್ಡಿಯ ಸಂಗತಿ ಬೇರೆ. ೧೯೬೦ರಲ್ಲಿ ಸ್ಥಾಪನೆಯಾಗಿ, ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಗಾಡಿಗಳನ್ನು ಹೊರತಂದು ೧೯೯೬ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಪುಣೆಯಲ್ಲಿ ಇಂದಿಗೂ ಮುದ್ದಾಗಿ ಸಾಕಿಕೊಂಡವರಿದ್ದಾರೆ. ಅದರಲ್ಲಿ ಸ್ಟಡ್ಡುಗಳಿಲ್ಲ, ಕೊಳವೆಯನ್ನು ದೊಡ್ಡ ಬಳೆಯಂಥ ನಟ್ಟೊಂದು ಹಿಡಿದಿರುತ್ತದೆ, ಒಂದೇ ಸಿಲಿಂಡರಿಗೆ ಅಂಥವು ಎರಡು. ಕೊಕ್ಕೆಯ ಪಾನಾ ಇಲ್ಲವೆಂದು ಅದರ ಹಲ್ಲಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಡಿಯುವವರನ್ನು ಕಂಡಿದ್ದೇನೆ. ಹಲ್ಲು ಮುರಿದ ಬಳೆಗಳನ್ನೂ ಕಂಡಿದ್ದೇನೆ. ಬುಧವಾರ ಭಾನುವಾರಗಳಂದು ಸೇರುವ ಜೂನಾ ಬಾಜಾರಿನಲ್ಲಿ ಹುಡುಕಿದರೆ ಕೊಕ್ಕೆಯ ಪಾನಾ ಅಗ್ಗಕ್ಕೆ ಸಿಗುತ್ತದೆ.

ತಿರುಗಿ ಜೋಡಿಸುವಾಗ ಮಿಸ್ತ್ರಿ ಹೊಸ ಸ್ಟಡ್ಡುಗಳಿಗೆ ತಾಮ್ರದ ಪುಡಿ ಬೆರೆತ ಗ್ರೀಸು ಸವರಿ, ಹಿತ್ತಾಳೆಯ ನಟ್ಟುಗಳನ್ನು ಹಾಕಿದರು. ಸಾಮಾನ್ಯ ಗ್ರೀಸು ಆ ಕಾವಿಗೆ ನಿಲ್ಲುವುದಿಲ್ಲ. ಹಿತ್ತಾಳೆಯಾದರೆ ಉಕ್ಕಿನೊಡನೆ ತುಕ್ಕಾಗಿ ಒಂದಾಗುವುದಿಲ್ಲ. ಸೈಲೆನ್ಸರಿನ ಹಿಂದಿನ ಬೋಲ್ಟನ್ನು ಸಡಿಲಾಗಿಯೇ ಬಿಟ್ಟು, ಮುಂದಿನ ಎರಡನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಹಿಂದಿನದನ್ನು ಬಿಗಿದರು. ಹಿಂದಿನದನ್ನು ಮೊದಲೇ ಬಿಗಿದರೆ ಕೊಳವೆಯ ಎಳೆತವೆಲ್ಲ ಆ ಎರಡು ಸಣ್ಣ ಸ್ಟಡ್ಡುಗಳ ಮೇಲೆ ಬೀಳುತ್ತದೆಯಂತೆ. ಬಿಗಿಯುವಾಗ ಅವರು ಪಾನಾವನ್ನು ಹಿಡಿದದ್ದು ಎರಡೇ ಬೆರಳಿನಲ್ಲಿ.

ತಪಾಸಣೆಯ ದಿನ ಗಾಡಿ ಸದ್ದು ಮಾಡಲಿಲ್ಲ. ಮಿಸ್ತ್ರಿ ತೆಗೆದುಕೊಂಡದ್ದು ವೆಲ್ಡಿಂಗಿನವನಿಗೆ ಕೊಟ್ಟ ಹಣ, ಸಾಮಾನಿನ ಹಣ, ಮೇಲೆ ತಮ್ಮ ಅರ್ಧ ದಿನದ ಕೂಲಿ. ಹುಡುಗ ಇನ್ನಷ್ಟು ಕೊಡಲು ಹೋದಾಗ ಬೇಡವೆಂದು, ಒಂದು ದಿನ ನಿಮ್ಮ ಹೋಟೆಲಿಗೇ ಬರುತ್ತೇನೆ ಎಂದರು. ಮುಂದಿನ ಗುರುವಾರ ಮಧ್ಯಾಹ್ನ ಬಂದು ಎರಡು ಮಸಾಲೆದೋಸೆ ತಿಂದರು. ಬಿಲ್ಲನ್ನು ನಾನೇ ಕೊಟ್ಟೆ.